ಏಳನೇ ಗುಂಡಿ

ಮಾರ್ಚ್ 4, ಮಂಗಳವಾರ

ಈ ಪುಸ್ತಕ ನಮ್ಮವರು ಕಟ್ಟಿದ್ದು. ಅವರ ಬೈಂಡಿಂಗ್ ಅಂಗಡಿಯಲ್ಲಿ ಗೆರೆ ಓರೆಯಾಗಿ ಅಚ್ಚಾದ ಹಾಳೆಗಳು ಉಳಿದಿದ್ದವಂತೆ. ಹೊಲಿದು, ರಟ್ಟು ಹಾಕಿ, "ಆಸ್ಪತ್ರೆಲಿ ಸುಮ್ನೆ ಕೂತ್ರೆ ತಲೆ ಕೆಡುತ್ತೆ, ಏನಾದ್ರೂ ಗೀಚ್ತಿರು" ಅಂತ ಕೈಗಿತ್ತರು. ಕಾಯುವ ಕೋಣೆಯಲ್ಲಿ ಕೂತು ಗೀಚುತ್ತಿದ್ದೇನೆ. ಎದುರಿಗೆ ಸುಟ್ಟಗಾಯದ ವಾರ್ಡಿನ ಬಾಗಿಲು. ಒಳಗೆ ನನ್ನ ಮೈದುನ. ಎರಡೂ ಕೈ, ಕುತ್ತಿಗೆ, ಮುಖದ ಎಡಭಾಗ, ಎಡಗಣ್ಣು. ಇವತ್ತಿಗೆ ಐದನೇ ದಿನ. ಎಚ್ಚರವಿದ್ದರೆ ನೋವು ತಡೆಯಲಾರ ಅಂತ ಡಾಕ್ಟರೇ ಮಲಗಿಸಿಟ್ಟಿದ್ದಾರೆ.

ಬೆಳಿಗ್ಗೆ ತನಿಖೆಯ ಅಧಿಕಾರಿ ಬಂದಿದ್ದರು. ಬೂದು ಕೋಟಿನ ಹೆಂಗಸು, ಜೋರು ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಕೇಳಿದರು: "ನಿಮ್ಮ ಕೆಲಸ ಏನು ಅಂತ, ಏನೂ ಗೊತ್ತಿಲ್ಲದವರಿಗೆ ಹೇಳೋ ಹಾಗೆ ಹೇಳಿ."

ಹೇಳಿದೆ. ರಸ್ತೆಯ ಕೆಳಗೆ ಕರೆಂಟಿನ ಕೇಬಲ್ಲು, ಗ್ಯಾಸಿನ ಪೈಪು, ನೀರಿನ ಪೈಪು ಎಲ್ಲ ಇರುತ್ತವೆ. ನಕ್ಷೆಯಲ್ಲಿ ಒಂದು ಕಡೆ, ನೆಲದಲ್ಲಿ ಇನ್ನೊಂದು ಕಡೆ. ಅಗೆಯುವ ಯಂತ್ರ ಹಲ್ಲು ಹಾಕುವ ಮೊದಲು ನನ್ನ ಲಾರಿ ಹೋಗುತ್ತದೆ. ಒತ್ತಡದ ನೀರು ಹಾಯಿಸಿ ಮಣ್ಣು ಸಡಿಲ ಮಾಡುತ್ತೇನೆ; ಆನೆ ಸೊಂಡಿಲಿನಂಥ ಕೊಳವೆ ಆ ಕೆಸರನ್ನು ಹೀರಿ ಟ್ಯಾಂಕಿಗೆ ತುಂಬುತ್ತದೆ. ಕಬ್ಬಿಣ ತಾಕದ ಕೆಲಸ, ಕೇಬಲ್ಲಿಗೆ ಗೀರೂ ಬೀಳುವುದಿಲ್ಲ. ಗೇಣಗಲದ ಗುಂಡಿ. ನಾವು ಇಣುಕುಗುಂಡಿ ಅನ್ನುತ್ತೇವೆ. ಕೇಬಲ್ಲು ಕಂಡಮೇಲೆ ಆಳ ಅಳೆದು, ಹಾಳೆಯಲ್ಲಿ ಬರೆದು, ಒಂದು ಚೀಲ ಮರಳು ಸುರಿದು ಮುಚ್ಚಿ, ಮುಂದಿನ ಗುರುತಿಗೆ.

"ಆ ರಸ್ತೆಲಿ ಎಷ್ಟು ಗುಂಡಿ?"

"ಒಂಬತ್ತು."

"ಒಂಬತ್ತೂ ತೆಗೆದ್ರಾ?"

"ತೆಗೆದೆ."

"ಏಳನೇದು ನಾಲ್ಕು ಅಡಿ ಎರಡು ಅಂಗುಲ ಅಂತ ಬರೆದಿದೀರಿ. ನಿಮ್ಮ ಮೈದುನನ ಹಾರೆಗೆ ಕೇಬಲ್ಲು ಸಿಕ್ಕಿದ್ದು ಒಂದೂವರೆ ಅಡಿಲಿ."

"ಗುರುತು ಬಿಟ್ಟು ಆಚೆ ಹೋಗಿರ್ಬೇಕು," ಅಂದೆ.

ಬರೆದುಕೊಂಡರು. ಆ ಜಾಗ ನೋಡೋಣವೆಂದರೆ ಈಗ ಅಲ್ಲಿ ಏನೂ ಇಲ್ಲ. ಸುಟ್ಟ ಕೇಬಲ್ಲು ಬದಲಿಸುವವರು ಇಡೀ ರಸ್ತೆಯನ್ನೇ ಅಗೆದು ಹಾಕಿದ್ದಾರೆ.

ಒಂಬತ್ತು ಗುಂಡಿ ತೆಗೆದಿದ್ದೆ. ಇಲ್ಲೂ ಬರೆದಿಡುತ್ತೇನೆ.

ಮಾರ್ಚ್ 5, ಬುಧವಾರ

ಮೈದುನನ ಅಡ್ಡಹೆಸರು ಡಂಗುರ. ಕೆಲಸದ ಜಾಗದಲ್ಲಿ ಇಟ್ಟಿದ್ದು ಮನೆಯಲ್ಲೂ ಉಳಿಯಿತು. ತಾನು ನಡೆಸುವ ಅಗೆಯುವ ಯಂತ್ರದ ಸದ್ದನ್ನೂ ಮೀರಿಸುವ ಗಂಟಲು. ನಾನು ಮದುವೆಯಾಗಿ ಬಂದಾಗ ಹನ್ನೊಂದು ವರ್ಷದವನು, ಆಗಲೂ ಹೀಗೇ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದೂ ಅವನ ಮೇಲೆ ನನಗೆ ಅಕ್ಕರೆ ಇತ್ತು ಅಂದರೆ ಸುಳ್ಳಾಗುತ್ತದೆ. ಒದ್ದೆ ಟವೆಲು ಕುರ್ಚಿಯ ಮೇಲೆ, ಕುಡಿದ ಲೋಟ ಕುಡಿದಲ್ಲೇ, ಬಾಯಿಗೆ ಬೀಗವಿಲ್ಲ.

ನಾನು ಈ ಲಾರಿಗೆ ಸೇರಿದ ಹೊಸದರಲ್ಲಿ ಎಲ್ಲರೆದುರು ಅಂದಿದ್ದ: "ನಮ್ಮತ್ತಿಗೆ ಬೆಟ್ಟ ಅಗೆದು ಇಲಿ ಹಿಡೀತಾರೆ. ನಾನು ಇಲಿ ಬಿಟ್ಟು ಬೆಟ್ಟ ಅಗೀತೀನಿ. ಒಂದೇ ಮನೆ, ಎರಡು ಕಸುಬು." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಮೂರು ದಿನ ಮಾತು ಬಿಟ್ಟಿದ್ದೆ. ಅವನಿಗೆ ಅದು ಗೊತ್ತಾದ ಹಾಗೂ ಇರಲಿಲ್ಲ.

ಆದರೆ ಯಂತ್ರದ ಹಲ್ಲು ಹಾಕುವ ಮೊದಲು ಕಿಟಕಿಯಿಂದ ತಲೆ ಹಾಕಿ "ಎಷ್ಟು ಅತ್ತಿಗೆ?" ಅಂತ ಕೇಳದೆ ಒಂದು ದಿನವೂ ಇರುತ್ತಿರಲಿಲ್ಲ. ಹಾಳೆ ಅವನ ಕೈಯಲ್ಲೇ ಇರುತ್ತಿತ್ತು. ಆದರೂ ನನ್ನ ಬಾಯಿಂದ ಕೇಳಬೇಕು.

ಮಾರ್ಚ್ 7, ಶುಕ್ರವಾರ

ಮತ್ತೆ ಕೆಲಸಕ್ಕೆ ಹೋದೆ. ಲಾರಿಯ ಹಿಂಬದಿಯಲ್ಲಿ ಒಂದು ಚೀಲ ಮರಳು ಬಿದ್ದಿತ್ತು. ಆ ದಿನ ಉಗ್ರಾಣದಿಂದ ಒಂಬತ್ತು ಚೀಲ ತಂದಿದ್ದೆವು.

ಅರೆಕಿವಿ ಅದನ್ನು ನೋಡಿದ. ಅವನು ನನ್ನ ಕೊಳವೆ ಹಿಡಿಯುವವನು, ಅರವತ್ತರ ಹತ್ತಿರದವನು, ಬಲಗಿವಿ ಕೇಳುವುದಿಲ್ಲ. ಚೀಲ ನೋಡಿದ, ನನ್ನ ಮುಖ ನೋಡಿದ, ಎತ್ತಿ ಇವತ್ತಿನ ಮೊದಲ ಗುಂಡಿಗೆ ಸುರಿದುಬಿಟ್ಟ.

ಎಂಟು.

ಬರೆದರೆ ಹೇಗೆ ಕಾಣುತ್ತದೆ ನೋಡೋಣ ಅಂತ ಬರೆದೆ.

ಮಾರ್ಚ್ 10, ಸೋಮವಾರ

ಈ ಪುಸ್ತಕ ಯಾರೂ ಓದುವುದಿಲ್ಲ. ಆದ್ದರಿಂದ ಬರೆಯುತ್ತೇನೆ.

ಆವತ್ತು ಆರು ಗುಂಡಿ ಮಧ್ಯಾಹ್ನದೊಳಗೇ ಮುಗಿದಿದ್ದವು. ಆರರಲ್ಲೂ ಕೇಬಲ್ಲು ನಾಲ್ಕು ಅಡಿಯ ಆಸುಪಾಸು, ದಾರ ಹಿಡಿದು ಹಾಕಿದ ಹಾಗೆ. ಏಳನೇ ಗುರುತು ಒಂದು ಹಳೇ ಚರಂಡಿಯ ಪಕ್ಕ. ಟಾರಿನ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ಅಂಟುಮಣ್ಣು. ಕೊಳವೆ ಎರಡು ಸಲ ಕಟ್ಟಿಕೊಂಡಿತು. ಎರಡು ಸಲವೂ ಬಿಚ್ಚಿ ಕಲ್ಲು ಕುಟ್ಟಿ ತೆಗೆದೆ. ಅರೆಕಿವಿ ನೀರು ತುಂಬಿಸಲು ಹೋಗಿದ್ದ. ಮೇಸ್ತ್ರಿ ಬಂದು ಗಡಿಯಾರ ತೋರಿಸಿದ. "ಇನ್ನೂ ಇಲ್ಲೇ ಇದೀಯಾ? ಮೂರಕ್ಕೆ ಅಗೆಯೋ ಗಾಡಿ ಬರುತ್ತೆ."

ಅವನು ಸುಳ್ಳು ಬರೆ ಅನ್ನಲಿಲ್ಲ. ಅದನ್ನು ಅವನ ತಲೆಗೆ ಕಟ್ಟಲಾರೆ.

ಒಂದು ಗೇಣು ಇಳಿದಿದ್ದೆ. ನಿಲ್ಲಿಸಿದೆ. ಕೆಸರನ್ನೇ ಎಳೆದು ಮುಚ್ಚಿ, ಮೇಲೆ ಬಣ್ಣದ ಗುರುತು ಹಾಕಿದೆ. ಆರು ಕಡೆ ಸರಿಯಾಗಿದ್ದ ಕೇಬಲ್ಲು ಏಳರಲ್ಲಿ ಎಲ್ಲಿಗೆ ಹೋಗುತ್ತೆ ಅಂದುಕೊಂಡೆ. ಆರನೆಯದು ನಾಲ್ಕು ಅಡಿ ಮೂರು ಅಂಗುಲ. ಅದನ್ನೇ ಬರೆದರೆ ಅನುಮಾನ ಬರುತ್ತದೆ ಅಂತ ಏಳಕ್ಕೆ ಎರಡು ಅಂಗುಲ ಮಾಡಿದೆ. ಅಷ್ಟು ಬುದ್ಧಿ ಓಡಿತ್ತು.

ಯಾವ ಕಾಲದಲ್ಲೋ ಯಾರೋ ಆ ಕೇಬಲ್ಲನ್ನು ಚರಂಡಿಯ ಮೇಲಿಂದ ಎತ್ತಿ ಹಾಯಿಸಿ ಮಣ್ಣು ಮುಚ್ಚಿ ಹೋಗಿದ್ದಾರೆ. ನಕ್ಷೆಯಲ್ಲಿ ಅದಿಲ್ಲ. ಇನ್ನೊಂದು ಗೇಣು ಇಳಿದಿದ್ದರೆ ಕಾಣುತ್ತಿತ್ತು.

ಮೂರು ಗಂಟೆಗೆ ಮೈದುನ ಅಗೆಯುವ ಗಾಡಿ ತಂದ. ಚರಂಡಿಯ ಚಪ್ಪಡಿಯೊಂದು ಅಡ್ಡ ಬಂತು, ಗಾಡಿಯ ಬಕೆಟ್ಟಿಗೆ ಸಿಗಲಿಲ್ಲ. ಹಾರೆ ಹಿಡಿದು ಕೆಳಗಿಳಿದ.

"ಏಳನೇದು ಎಷ್ಟು ಅತ್ತಿಗೆ?"

"ನಾಲ್ಕು ಅಡಿ ಎರಡು."

"ಅಳೆದಿದ್ದೋ, ಕನಸಲ್ಲಿ ಕಂಡಿದ್ದೋ?"

ಯಾವಾಗಲೂ ಹಾಗೇ ಕೇಳುತ್ತಿದ್ದ. "ಸುಮ್ನೆ ಕೆಲ್ಸ ನೋಡು," ಅಂದೆ. ಯಾವಾಗಲೂ ಹಾಗೇ ಅನ್ನುತ್ತಿದ್ದೆ.

ಸದ್ದು ಅಂಥ ದೊಡ್ಡದಲ್ಲ. ದಪ್ಪ ಬಟ್ಟೆ ಹರಿದ ಹಾಗೆ. ಆಮೇಲೆ ಬೆಳಕು. ಬೆಳಕು ಹೋದಮೇಲೆ ಅವನು ಕೂತಿದ್ದ, ಎರಡೂ ಕೈ ಮುಂದೆ ಚಾಚಿಕೊಂಡು, ಯಾರೋ ಏನೋ ಕೊಡುತ್ತಾರೆ ಅನ್ನುವ ಹಾಗೆ.

ಮಾರ್ಚ್ 14, ಶುಕ್ರವಾರ

ಎಚ್ಚರವಾಗಿದೆ. ಬಲಗಣ್ಣು ಪರವಾಗಿಲ್ಲ, ಎಡಗಣ್ಣಿಗೆ ಮಬ್ಬು. ಗಂಟಲಿಗೂ ಬಿಸಿ ಹೊಗೆ ಹೋಗಿದೆಯಂತೆ, ದನಿಯೇ ಏಳುವುದಿಲ್ಲ. ನಾನು ಬಗ್ಗಿ ಅವನ ಬಾಯಿಗೆ ಕಿವಿ ಕೊಡಬೇಕು.

ನಮ್ಮವರು ನಡೆದದ್ದು ಹೇಳಿದರು. ತುಂಬ ಹೊತ್ತು ಯೋಚಿಸಿದ. ಬೆಳಿಗ್ಗೆ ಬೂಟಿನ ದಾರ ಕಟ್ಟಿದ್ದು ನೆನಪಿದೆಯಂತೆ. ಅಲ್ಲಿಂದಾಚೆಗೆ ಬರೀ ಖಾಲಿ.

"ಅತ್ತಿಗೆ, ನೀವು ಅಲ್ಲೇ ಇದ್ರಲ್ಲ. ನಾನೇನು ತಪ್ಪು ಮಾಡ್ದೆ?"

ನಮ್ಮವರೂ ನನ್ನ ಕಡೆ ತಿರುಗಿದರು.

"ಈಗ ಅದೆಲ್ಲ ಯಾಕೆ, ಸೂಪು ಕುಡಿ," ಅಂದೆ.

ಹದಿಮೂರು ಚಮಚ ಕುಡಿದ.

ಮಾರ್ಚ್ 19, ಬುಧವಾರ

ಮೇಸ್ತ್ರಿಗೆ ಈಚೆಗೆ ತಾಳ್ಮೆಯೇ ಇಲ್ಲ. ಸಣ್ಣದಕ್ಕೂ ಸಿಡುಕುತ್ತಾನೆ. ಶಾಲೆಯ ಹಿಂದಿನ ಬೀದಿಯಲ್ಲಿ ಹನ್ನೆರಡು ಗುಂಡಿ ಅಂದಿದ್ದರು, ಹತ್ತೊಂಬತ್ತು ತೆಗೆದೆ. ಮಣ್ಣು ಹಾಗಿತ್ತು. ಗ್ಯಾಸಿನ ಪೈಪು ಕಂಡ ಮೇಲೂ ಅದರ ಅಕ್ಕಪಕ್ಕ ಒಂದೊಂದು ಮೊಳ ಬಿಡಿಸಿ ನೋಡುವುದು ಒಳ್ಳೆಯದು ಅನ್ನಿಸಿತು. "ನೀನೇನು ರಸ್ತೆ ತೊಳೀತಿದೀಯಾ?" ಅಂದ. ಮುಚ್ಚಿದ್ದ ಎರಡನ್ನು ಮತ್ತೆ ತೆಗೆದು ಅಳೆದಾಗ ಅರೆಕಿವಿ ಕೊಳವೆ ಕೆಳಗಿಟ್ಟು ಫುಟ್‌ಪಾತಿನ ಮೇಲೆ ಕೂತುಬಿಟ್ಟ. ವಯಸ್ಸಾಯಿತು ಅವನಿಗೆ.

ಐದಕ್ಕೆ ಆಸ್ಪತ್ರೆ. ಬಲಗೆನ್ನೆಯ ಗಡ್ಡ ಬೋಳಿಸಿದೆ. ಎಡಗಡೆ ಹಾಗೇ ಬಿಡಬೇಕು. ಕನ್ನಡಿ ಬೇಕು ಅಂದ. ಮರೆತು ಬಂದೆ ಅಂದೆ.

ಮಾರ್ಚ್ 24, ಸೋಮವಾರ

ಬಲಗೈಯ ನಾಲ್ಕು ಬೆರಳು, ಎಡಗೈಯ ಎರಡು ತೆಗೆದರು. ಮೂರು ಗಂಟೆ ಹಿಡಿಯಿತು. ನಮ್ಮವರು ಹೊರಗೆ ಕೂತು ತಮ್ಮ ಬೆರಳುಗಳನ್ನೇ ಬಿಡಿಸಿ ಮಡಿಸಿ ಮಾಡುತ್ತಿದ್ದರು. ಅಂಟು ಮೆತ್ತಿ ಮೆತ್ತಿ ಚರ್ಮ ಒರಟಾದ ಬೆರಳು. ನಾನು ನೋಡಿದ್ದು ಗೊತ್ತಾಗಿ ಜೇಬಿಗೆ ಹಾಕಿಕೊಂಡರು.

ಸಂಜೆ ಅವನು ಪಿಸುಗುಟ್ಟಿದ: "ಅತ್ತಿಗೆ, ಇನ್ಮೇಲೆ ಲೋಟ ಎಲ್ಲೆಲ್ಲೋ ಇಡ್ತೀಯ ಅಂತ ಬೈಯೋ ಹಾಗಿಲ್ಲ ನೀವು."

ನಾನು ನಕ್ಕೆ. ಅವನ ಮಾತಿಗೆ ನಾನು ನಕ್ಕಿದ್ದು ಇದೇ ಮೊದಲು ಇರಬೇಕು, ಅವನಿಗೇ ಆಶ್ಚರ್ಯವಾಯಿತು. ಸೂಪು ಆರಿದ ಮೇಲೇ ಅವನಿಗೆ ಇಷ್ಟ. ನರ್ಸು ಬಿಸಿಬಿಸಿ ಕೊಡುತ್ತಾಳೆ, ಅದಕ್ಕೇ ನಾನೇ ಬರಬೇಕು ಅನ್ನುತ್ತಾನೆ. ಈಗ ಮಧ್ಯಾಹ್ನದ ಊಟದ ಬಿಡುವಲ್ಲೂ ಬಂದು ಹೋಗುತ್ತೇನೆ. ಲಾರಿ ಅಂಗಳದಿಂದ ಬಸ್ಸಲ್ಲಿ ಹತ್ತು ನಿಮಿಷ ಅಷ್ಟೇ.

ಮಾರ್ಚ್ 27, ಗುರುವಾರ

ತನಿಖೆಯ ಕರಡು ವರದಿ ಬಂತು. ಬೂದು ಕೋಟಿನವರು ಒಂದು ಪ್ರತಿ ಅವನಿಗೆ, ಒಂದು ನನಗೆ ಕೊಟ್ಟರು. ಗುರುತಿನ ಪಟ್ಟೆಯ ಹೊರಗೆ ಹಾರೆ ಬಳಸಿದ್ದು ಯಂತ್ರ ಚಾಲಕನ ಅಜಾಗರೂಕತೆ. ಯಂತ್ರ ನಡೆಸುವ ಪರವಾನಗಿ ಕಾಯಂ ಆಗಿ ರದ್ದು. ನನ್ನ ಬಗ್ಗೆ ಒಂದೇ ಸಾಲು: ಇಣುಕುಗುಂಡಿಗಳ ದಾಖಲೆ ಕ್ರಮಬದ್ಧವಾಗಿದೆ. ಆಕ್ಷೇಪಣೆ ಇದ್ದರೆ ಏಳು ದಿನದೊಳಗೆ ತಿಳಿಸಬೇಕು.

ಅವನಿಗೆ ನಾನೇ ಓದಿ ಹೇಳಿದೆ. ಅವನೇ ಕೇಳಿದ, ಅದಕ್ಕೆ. "ಅಜಾಗರೂಕತೆ" ಅನ್ನುವಲ್ಲಿ ನಿಲ್ಲಿಸಿ ಮತ್ತೊಮ್ಮೆ ಓದಿಸಿದ.

"ಒಂಬತ್ತು ವರ್ಷ," ಅಂದ. "ಒಂದು ನಲ್ಲಿ ಪೈಪು ಸಹ ಮುರಿದೋನಲ್ಲ ನಾನು."

"ಗೊತ್ತು."

"ನೆನಪೇ ಇಲ್ಲ ಅತ್ತಿಗೆ. ಆದ್ರೆ ಮಾಡಿರ್ಬೇಕು. ಸುಮ್‌ಸುಮ್ನೆ ಬರೀತಾರಾ?" ಉಸಿರು ತೆಗೆದುಕೊಂಡ. "ನಿಮ್ಗೂ ಕೆಟ್ಟ ಹೆಸರು ತರ್ತಿದ್ದೆ. ನಿಮ್ಮ ಗುಂಡಿ ಸರಿಯಾಗಿತ್ತು, ಪುಣ್ಯ. ಎದುರಿಗೇ ನೋಡ್ಬೇಕಾಯ್ತು ನೀವು, ನನ್ನ ದೆಸೆಯಿಂದ. ತಪ್ಪಾಯ್ತು ಅತ್ತಿಗೆ."

ಕೈ ಮುಗಿಯಲು ಹೋದ. ಬ್ಯಾಂಡೇಜಿನ ಎರಡು ಗಂಟುಗಳು ಮೇಲೆದ್ದವು. ನಾನು ಅವನ್ನು ಹಿಡಿದು ಕೆಳಗಿಟ್ಟೆ.

ಮಾರ್ಚ್ 28, ಶುಕ್ರವಾರ

ಆಸ್ಪತ್ರೆಗೆ ಹೋಗಲಿಲ್ಲ. ಜ್ವರ ಅಂತ ಹೇಳಿ ಕಳಿಸಿದೆ.

ಮಾರ್ಚ್ 30, ಭಾನುವಾರ

ಜ್ವರ.

ಏಪ್ರಿಲ್ 1, ಮಂಗಳವಾರ

ಕೆಲಸದಲ್ಲಿ ಊಟದ ಹೊತ್ತಿಗೆ ಅರೆಕಿವಿ ಪಕ್ಕಕ್ಕೆ ಬಂದು ಕೂತ, ಕೇಳುವ ಕಿವಿ ನನ್ನ ಕಡೆ ಮಾಡಿಕೊಂಡು.

"ವರದಿ ಬಂತಂತೆ."

"ಬಂತು."

"ಆವತ್ತು ನಾನು ನೀರು ತರೋಕೆ ಹೋಗಿದ್ದೆ. ಏನೂ ನೋಡಿಲ್ಲ. ಯಾರು ಕೇಳಿದ್ರೂ ಅಷ್ಟೇ ಹೇಳ್ತೀನಿ."

"ನಿನ್ನ ಯಾರು ಕೇಳಿದ್ರು?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನಾವು. ಅದಕ್ಕೆ ಮೊದ್ಲೇ ಹೇಳ್ದೆ." ಬ್ರೆಡ್ಡಿನ ಚೂರು ಕೆಳಗಿಟ್ಟ. "ನೋಡು ತಾಯಿ, ಬಾಯಿ ಬಿಟ್ರೆ ಬೆರಳು ಮತ್ತೆ ಮೊಳೆಯುತ್ತಾ? ಮೊಳೆಯಲ್ಲ. ಇರೋ ಒಂದು ಕೆಲ್ಸ ಹೋಗುತ್ತೆ, ಇರೋ ಒಂದು ಸಂಸಾರ ಒಡೆಯುತ್ತೆ. ಅವನಿಗೆ ಅನ್ನ ತಿನ್ನಿಸೋರು ಯಾರು ಆಮೇಲೆ?"

ನಾನೂ ಇದನ್ನೇ ಒಂದು ತಿಂಗಳಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ, ಹೆಚ್ಚು ಕಡಿಮೆ ಇದೇ ಮಾತಲ್ಲಿ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಊಟ ಸೇರಲಿಲ್ಲ. ಡಬ್ಬಿ ಮುಚ್ಚಿ ಎದ್ದೆ.

ಮಧ್ಯಾಹ್ನ ನಾಲ್ಕೇ ಗುಂಡಿ ಆಯಿತು. ಮೇಸ್ತ್ರಿ ಬೇರೆ ಲಾರಿ ಕರೆಸಿದ.

ಏಪ್ರಿಲ್ 2, ಬುಧವಾರ

ಹೇಳಿದೆ.

ಬೆಳಿಗ್ಗೆ ಹತ್ತಕ್ಕೆ, ಬ್ಯಾಂಡೇಜು ಬದಲಿಸಿ ನರ್ಸು ಹೋದ ಮೇಲೆ. ಅವನು ನನ್ನ ಜ್ವರದ ಬಗ್ಗೆ ವಿಚಾರಿಸಿದ, ನೀವು ಇಳಿದುಹೋಗಿದೀರಿ ಅಂದ. ಕುರ್ಚಿ ಹತ್ತಿರ ಎಳೆದುಕೊಂಡೆ. ಬಲಗಣ್ಣಿನ ಕಡೆಗೆ ಕೂತೆ, ಅವನಿಗೆ ನನ್ನ ಮುಖ ಕಾಣಲಿ ಅಂತ.

"ಏಳನೇ ಗುಂಡಿ ನಾನು ತೆಗೀಲಿಲ್ಲ."

"ಹಾಂ?"

"ಕೊಳವೆ ಕಟ್ಕೊಂಡಿತ್ತು. ಅರ್ಧಕ್ಕೆ ಬಿಟ್ಟೆ. ಆ ಅಳತೆ ನಾನು ಸುಮ್ನೆ ಬರೆದಿದ್ದು. ನೀನು ಗುರುತಿನ ಒಳಗೇ ಇದ್ದೆ. ಹಾರೆ ಹಾಕೋಕೆ ಮುಂಚೆ ನನ್ನ ಕೇಳ್ದೆ. ನಾಲ್ಕು ಅಡಿ ಎರಡು ಅಂತ ನಾನೇ ಹೇಳ್ದೆ."

ಅವನು ಚಾವಣಿ ನೋಡುತ್ತಿದ್ದ. ಪಕ್ಕದ ಹಾಸಿಗೆಯವನ ರೇಡಿಯೋ ಸಣ್ಣಗೆ ಹಾಡುತ್ತಿತ್ತು. ಒಂದು ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು.

"ನಾನು ಕೇಳಿದ್ನಾ?" ಅಂದ.

"ಕೇಳ್ದೆ."

"ಏನಂತ? ಸರಿಯಾಗಿ ಹೇಳಿ."

ಹೇಳಿದೆ. ಕನಸಿನ ಮಾತನ್ನೂ ಸೇರಿಸಿ, ಒಂದಕ್ಷರ ಬಿಡದೆ.

ಬಲಗಣ್ಣಿಂದ ನೀರು ಹರಿದು ಕಿವಿಗಿಳಿಯಿತು. ಎಡಗಣ್ಣಿಗೆ ಅದೂ ಆಗುವುದಿಲ್ಲ. "ಹಾಗಾದ್ರೆ ನಾನು ಕೆಲ್ಸ ಮರೆತಿರಲಿಲ್ಲ," ಅಂದ. "ಇಷ್ಟು ದಿನ ದಿನಾ ಅದೇ ಯೋಚ್ನೆ. ಹೇಗೆ ಮರೆತೆ, ಹೇಗೆ ಮರೆತೆ ಅಂತ." ನನಗಲ್ಲ, ಚಾವಣಿಗೆ ಹೇಳಿದ ಹಾಗಿತ್ತು.

ಕಣ್ಣೊರೆಸಲು ಕರವಸ್ತ್ರ ತೆಗೆದೆ. ಮುಖ ತಿರುಗಿಸಿಕೊಂಡ.

"ನಾಳೆಯಿಂದ ಅಣ್ಣ ಬರ್ಲಿ ಊಟ ಮಾಡ್ಸೋಕೆ."

"ಅವರಿಗೆ ಅಂಗಡಿ—"

"ಅಣ್ಣ ಆಗದಿದ್ರೆ ನರ್ಸು ಇದಾಳೆ. ನೀವು ಹೋಗಿ."

ಬಟ್ಟಲಲ್ಲಿ ಸೂಪು ಅಷ್ಟೂ ಉಳಿದಿತ್ತು. ಅಲ್ಲೇ ಇಟ್ಟು ಬಂದೆ.

ಏಪ್ರಿಲ್ 3, ಗುರುವಾರ

ನಿನ್ನೆ ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋಗಿ ನಮ್ಮವರಿಗೂ ಹೇಳಿದ್ದೆ. ಒಂದು ದಪ್ಪ ಪುಸ್ತಕದ ಬೆನ್ನಿಗೆ ಅಂಟು ಹಚ್ಚಿ ಒತ್ತಿ ಹಿಡಿದಿದ್ದರು. ಬಿಟ್ಟರೆ ಕಿತ್ತುಬರುತ್ತದೆ, ಅದಕ್ಕೆ ಬಿಡಲಿಲ್ಲ. ತಲೆ ಎತ್ತಲಿಲ್ಲ. ನಾನು ಹೇಳಿ ಮುಗಿಸಿದ ಮೇಲೂ ಒತ್ತಿಯೇ ಹಿಡಿದಿದ್ದರು.

"ಅವನಿಗೆ ಹೇಳಿದ್ಯಾ?"

"ಮೊದ್ಲು ಅವನಿಗೇ ಹೇಳ್ದೆ."

"ತನಿಖೆಯೋರಿಗೆ?"

"ನಾಳೆ."

"ಹೇಳು," ಅಂದರು. ಅಷ್ಟೇ. ಸಂಜೆ ಅವರ ದಿಂಬು, ಹೊದಿಕೆ ಹಿಂದಿನ ಕೋಣೆಗೆ ಹೋಗಿತ್ತು, ತಮ್ಮನ ಮಂಚಕ್ಕೆ.

ಇವತ್ತು ಬೂದು ಕೋಟಿನವರ ಕಚೇರಿಗೆ ಹೋದೆ. ನೆಗಡಿ ವಾಸಿಯಾಗಿದೆ. ಎಲ್ಲ ಬರೆಸಿಕೊಂಡು, ಸಹಿ ಹಾಕಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿ ಕೇಳಿದರು: "ನಿಮ್ಮ ದಾಖಲೆ ಸರಿ ಇದೆ ಅಂತ ನಾವೇ ಬರೆದಿದ್ವಿ. ಈಗ ಯಾಕೆ ಬಂದ್ರಿ?"

"ಅವನು ನನ್ನ ಹತ್ರ ಕ್ಷಮೆ ಕೇಳ್ದ."

ಅದನ್ನು ಅವರು ಬರೆದುಕೊಳ್ಳಲಿಲ್ಲ.

ಏಪ್ರಿಲ್ 20, ಭಾನುವಾರ

ಲಾರಿ ಬೇರೆಯವರ ಕೈಗೆ ಹೋಗಿದೆ. ವಿಚಾರಣೆ ಮುಗಿಯುವವರೆಗೆ ನನಗೆ ಅಂಗಳದಲ್ಲಿ ಟ್ಯಾಂಕು ತೊಳೆಯುವ ಕೆಲಸ. ಒಳಗಿಳಿದು ತಳಕ್ಕೆ ಹಿಡಿದ ಮಣ್ಣು ಕೆರೆಯಬೇಕು. ಬಾಯಿ ಮುಚ್ಚಿದ ಬಾವಿಯಂತೆ ಇರುತ್ತದೆ. ಯಾರೂ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ, ಅರೆಕಿವಿಯನ್ನು ಬಿಟ್ಟು. ಅವನು ಕೂರುತ್ತಾನೆ, ಕೇಳದ ಕಿವಿ ನನ್ನ ಕಡೆ ಮಾಡಿಕೊಂಡು. ಕೆಲಸ ಪೂರ್ತಿ ಹೋಗಬಹುದು, ಕೋರ್ಟಿಗೂ ಹೋಗಬೇಕಾಗಬಹುದು ಅನ್ನುತ್ತಾರೆ. ಹೋದಾಗ ನೋಡಿಕೊಳ್ಳೋಣ.

ಹೊಸ ವರದಿಯಲ್ಲಿ ಅವನ ಮೇಲಿನ ಸಾಲುಗಳನ್ನು ತೆಗೆದಿದ್ದಾರೆ. ಪರವಾನಗಿಯೂ ಉಳಿಯಿತು. ಅದನ್ನು ಹಿಡಿಯುವ ಕೈ ಇಲ್ಲ ಅನ್ನುವುದು ಬೇರೆ ಮಾತು. ಆದರೂ ಚೌಕಟ್ಟು ಹಾಕಿಸಿ ಕೊಡು ಅಂತ ಅಣ್ಣನಿಗೆ ಹೇಳಿದನಂತೆ. ನಮ್ಮವರು ನನಗೆ ಇದನ್ನು ಹೇಳಿದ್ದು ಬಾಗಿಲ ಹತ್ತಿರ ನಿಂತು, ಚಪ್ಪಲಿ ಹಾಕಿಕೊಳ್ಳುತ್ತ. ಹದಿನೆಂಟು ದಿನದಲ್ಲಿ ಇಷ್ಟುದ್ದ ಮಾತಾಡಿದ್ದು ಇವತ್ತೇ.

ಏಪ್ರಿಲ್ 26, ಶನಿವಾರ

ಅವನು ಮನೆಗೆ ಬಂದ. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾನೆ. ಮನೆ ಎಷ್ಟು ನಿಶ್ಶಬ್ದ ಅಂದರೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಮುಂದಿನ ಕೋಣೆಗೂ ಕೇಳುತ್ತದೆ.

ಮೇ 3, ಶನಿವಾರ

ಮಧ್ಯಾಹ್ನ ನಮ್ಮವರು ಅಂಗಡಿಯಲ್ಲಿದ್ದರು. ನಾನು ಬಟ್ಟೆ ಮಡಿಸುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಏನೋ ಉರುಳಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಹೋಗಿ ಬಾಗಿಲ ಹೊರಗೆ ನಿಂತೆ.

"ಯಾರು?"

"ನಾನೇ."

ಮಂಚ ಕಿರುಗುಟ್ಟಿತು. ಆಮೇಲೆ "ಬನ್ನಿ" ಅಂದ.

ನೋವಿನ ಮಾತ್ರೆಯ ಡಬ್ಬ ಕೆಳಗೆ ಬಿದ್ದು ಮಾತ್ರೆ ಪಟ್ಟಿಗಳೆಲ್ಲ ನೆಲದ ಮೇಲೆ ಚೆಲ್ಲಿದ್ದವು. ಉಳಿದ ಎರಡು ಬೆರಳು, ಎರಡು ಹೆಬ್ಬೆರಳಲ್ಲಿ ತೆಗೆಯಲು ನೋಡಿದ್ದಾನೆ. ಹಣೆಯ ಮೇಲೆ ಬೆವರು. ಎಷ್ಟು ಹೊತ್ತಿನಿಂದ ನೋವು ತಡೆದುಕೊಂಡಿದ್ದನೋ. ನಾನು ಮಂಡಿಯೂರಿ ಎಲ್ಲ ಆಯ್ದು ಡಬ್ಬಕ್ಕೆ ಹಾಕಿದೆ. ಒಂದು ಪಟ್ಟಿ ಕೈಯಲ್ಲಿ ಉಳಿಸಿಕೊಂಡು, ಮಾತ್ರೆಯೊಂದನ್ನು ಬಿಡಿಸಲು ಹೋದೆ.

"ಯಾವ್ದು ಅದು?"

"ನೋವಿಂದು. ಮಧ್ಯಾಹ್ನದ್ದು."

"ತೋರ್ಸಿ."

ಅವನ ಮುಖದ ಹತ್ತಿರ ಹಿಡಿದೆ.

"ಬೆಳಕಿಗೆ."

ಕಿಟಕಿಯ ಕಡೆಗೆ ತಿರುಗಿಸಿದೆ. ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ ಓದತೊಡಗಿದ. ಸಣ್ಣ ಅಕ್ಷರ, ಬೆಳ್ಳಿ ಕಾಗದ ಹೊಳೆಯುತ್ತದೆ ಬೇರೆ. ತುಟಿ ಅಲ್ಲಾಡುತ್ತಿತ್ತು. ಹೆಸರು ಓದಿದ, ಎಷ್ಟು ಶಕ್ತಿಯದು ಅಂತ ಓದಿದ, ಎಲ್ಲಿಯವರೆಗೆ ಬಳಸಬಹುದು ಅನ್ನುವ ತಾರೀಖು ಓದಿದ. ಪಟ್ಟಿ ಕೊಂಚ ವಾಲಿ ಅಕ್ಷರ ತಪ್ಪಿಹೋದಾಗ ಮತ್ತೆ ಮೊದಲಿಂದ ಶುರು ಮಾಡಿದ. ನಾನು ಇನ್ನೊಂದು ಕೈಯನ್ನೂ ಆಸರೆ ಕೊಟ್ಟು ಹಿಡಿದೆ.

ಅವನು ಓದಿ ಮುಗಿಸಿ ಬಾಯಿ ತೆರೆಯುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದೆ.